ಓತಿಕ್ಯಾತನಲ್ಲ, ಬಿಯರ್ಡೆಡ್ ಡ್ರ್ಯಾಗನ್: ನೀವು ಏನು ತಿನ್ನಿಸುತ್ತೀರಿ?

ಮಡಿಕೇರಿಯಿಂದ ಪ್ರಶ್ನೆ:
ನನ್ನ ತಮ್ಮ ಬೆಂಗಳೂರಿನಿಂದ ಬರುವಾಗ ಬಿಯರ್ಡೆಡ್ ಡ್ರ್ಯಾಗನ್ ಮರಿಯೊಂದನ್ನು ತಂದಿದ್ದಾನೆ. ವಯಸ್ಸು ನಾಲ್ಕು ತಿಂಗಳು. ಅಜ್ಜಿಗೆ ಅದು ಬರೀ ಓತಿಕ್ಯಾತ. ಅಂಗಡಿಯಲ್ಲಿ ಸಿಗುವ ಮೀಲ್‌ವರ್ಮ್ ಹುಳು ಬಿಟ್ಟರೆ ಬೇರೇನನ್ನೂ ಮುಟ್ಟುವುದಿಲ್ಲ, ಸೊಪ್ಪು ಇಟ್ಟರೆ ತುಳಿದುಕೊಂಡು ಹೋಗುತ್ತದೆ. ನಮ್ಮ ತೋಟದಲ್ಲಿ ಸಿಗುವುದರಲ್ಲಿ ಏನು ಕೊಡಬಹುದು? ಮಳೆಗಾಲ ಹತ್ತಿರ ಬಂತು. ಸಾಕಿದವರು ಹೇಳಿ.

ಸಿದ್ದಾಪುರದಿಂದ:
ನನ್ನದಕ್ಕೆ ಈಗ ಐದು ವರ್ಷ. ಮೊದಲ ವರ್ಷ ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ಹಸಿರು ಒಳ್ಳೆಯದು ಎಂದು ದಿನವೂ ಪಾಲಕ್ ಹಾಕುತ್ತಿದ್ದೆ. ಆಗಸ್ಟ್‌ನ ಒಂದು ಸಂಜೆ ಅಂಗೈ ಮೇಲೆ ಕೂರಿಸಿಕೊಂಡಾಗ ಅದರ ಹಿಂಗಾಲಿನ ಬೆರಳುಗಳು ತಾವಾಗಿ ಅದುರುತ್ತಿದ್ದವು, ವೀಣೆಯ ತಂತಿ ಮೀಟಿ ಬಿಟ್ಟಂತೆ. ಚಳಿಗೆ ಇರಬೇಕು ಎಂದು ನಾಲ್ಕು ದಿನ ಸುಮ್ಮನಿದ್ದೆ. ಮೈಸೂರಿಗೆ ಒಯ್ದು ಎಕ್ಸ್‌ರೇ ತೆಗೆಸಿದಾಗ ಮೂಳೆ ತೆಳ್ಳಗಾಗಿರುವುದು ಕಂಡಿತು. ಪಾಲಕ್‌ನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ದೀಪ. ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಬೀಳದಿದ್ದರೆ ಅದರ ಚರ್ಮ ಡಿ3 ವಿಟಮಿನ್ ತಯಾರಿಸಲಾರದು, ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಹತ್ತುವುದಿಲ್ಲ. ನಾನು ಕಿಟಕಿಯ ಗಾಜಿನ ಹಿಂದೆ ಬಿಸಿಲಿಗೆ ಇಟ್ಟು ಸಾಕು ಎಂದುಕೊಂಡಿದ್ದೆ. ಆ ಕಿರಣ ಗಾಜು ದಾಟಿ ಒಳಗೆ ಬರುವುದೇ ಇಲ್ಲ.

ಇದು ಆಸ್ಟ್ರೇಲಿಯದ ಒಣ ಬಯಲಿನ ಪ್ರಾಣಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗದಿರುವಾಗ ಅದರ ಹೊಟ್ಟೆ ಹೇಗೆ ಕೆಲಸ ಮಾಡೀತು? ಬಿಸಿ ಕಾಯಿಸುವ ಕಲ್ಲಿನ ಮೇಲೆ 38ರಿಂದ 42 ಡಿಗ್ರಿ ಇರಬೇಕು. ಇಲ್ಲದಿದ್ದರೆ ತಿಂದದ್ದು ಅರಗದೆ ಒಳಗೇ ಕೊಳೆಯುತ್ತದೆ. ಕರೆಂಟ್ ಹೋದ ದಿನ ನಾನು ಹುಳು ಹಾಕುವುದಿಲ್ಲ. ದೀಪ ಆರಿಸುವ ಎರಡು ಗಂಟೆ ಮೊದಲೇ ಊಟ ಮುಗಿಸಿಬಿಡಿ. ಯುವಿಬಿ ದೀಪವನ್ನು ವರ್ಷದೊಳಗೆ ಬದಲಿಸಿ. ಅದು ಉರಿಯುತ್ತಲೇ ಇರುತ್ತದೆ, ಕಿರಣ ಮಾತ್ರ ಕುಗ್ಗಿರುತ್ತದೆ.

ಈಗ ಸೊಪ್ಪು. ನಮ್ಮ ಹಿತ್ತಿಲಿನಲ್ಲಿ ಮೊದಲ ಸ್ಥಾನ ನುಗ್ಗೆ ಸೊಪ್ಪಿಗೆ, ಅದರಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಬಹಳ ಹೆಚ್ಚು. ಹಿಪ್ಪುನೇರಳೆ ಎಲೆ, ದಾಸವಾಳದ ಹೂವು ಮತ್ತು ಚಿಗುರು, ತುರಿದ ಸಿಹಿಗುಂಬಳವೂ ಆಗುತ್ತವೆ. ಮರಿ ಸೊಪ್ಪನ್ನು ತುಳಿಯುವುದು ಸಹಜ. ಆ ವಯಸ್ಸಿನಲ್ಲಿ ಊಟದ ಮುಕ್ಕಾಲು ಪಾಲು ಹುಳುವೇ, ಬೆಳೆದ ಮೇಲೆ ಲೆಕ್ಕ ತಿರುಗಿ ಮುಕ್ಕಾಲು ಪಾಲು ಸೊಪ್ಪಾಗುತ್ತದೆ. ಆದರೂ ದಿನವೂ ಬೆಳಿಗ್ಗೆ ಇಡುತ್ತಲೇ ಇರಿ.

ಕುಶಾಲನಗರದಿಂದ:
ಬರೀ ಮೀಲ್‌ವರ್ಮ್ ಬೇಡ. ಸಿಪ್ಪೆ ಗಟ್ಟಿ, ಕೊಬ್ಬು ಜಾಸ್ತಿ. ಅಂಗಡಿಯವರು ಕ್ರಿಕೆಟ್ ಎನ್ನುವ ಚಿಮ್ಮಂಡೆ, ಡೂಬಿಯಾ ಜಿರಳೆ ಕೊಡಿ. ಹುಳು ಡ್ರ್ಯಾಗನ್‌ನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಮರಿಗೆ ದಿನಕ್ಕೆ ಎರಡು ಮೂರು ಬಾರಿ, ಹತ್ತು ನಿಮಿಷದಲ್ಲಿ ಎಷ್ಟು ತಿನ್ನುತ್ತದೋ ಅಷ್ಟು. ಹಿಂದಿನ ದಿನವೇ ಹುಳುಗಳಿಗೆ ಕ್ಯಾರೆಟ್, ಸೊಪ್ಪು ತಿನ್ನಿಸಿ, ಕೊಡುವಾಗ ಡಬ್ಬಿಯಲ್ಲಿ ಕ್ಯಾಲ್ಸಿಯಂ ಪುಡಿ ಹಾಕಿ ಕುಲುಕಿ. ನಾನು ರಾಮನಗರದ ಕಡೆಯ ನೆಂಟರಿಂದ ಆಗಾಗ ರೇಷ್ಮೆ ಹುಳು ತರಿಸುತ್ತೇನೆ. ಮೆತ್ತಗಿರುತ್ತದೆ, ಕೊಬ್ಬು ಕಡಿಮೆ. ಔಷಧಿ ಹೊಡೆದ ಸೊಪ್ಪು ತಿಂದರೆ ರೇಷ್ಮೆ ಹುಳುವೇ ಬದುಕುವುದು ಕಷ್ಟವಾದ್ದರಿಂದ ಹೆಚ್ಚು ಭಯವಿಲ್ಲದೆ ಕೊಡಬಹುದು. ಕೊಚ್ಚಿದ ಸೊಪ್ಪಿನ ನಡುವೆ ಒಂದು ಹುಳು ಬಿಡಿ. ಅದನ್ನು ಹಿಡಿಯುವ ಭರದಲ್ಲಿ ಎಲೆಯೂ ಬಾಯಿಗೆ ಹೋಗುತ್ತದೆ.

ಸೋಮವಾರಪೇಟೆಯಿಂದ:
ತೋಟದ ಹುಳು ಹಿಡಿದು ಹಾಕಬೇಡಿ ತಂಗಿ. ಕಾಂಡಕೊರಕಕ್ಕೆ ಹೊಡೆದ ಔಷಧಿ ಯಾವ ಮಿಡತೆಯ ಹೊಟ್ಟೆಯಲ್ಲಿದೆಯೋ ಹೇಳಲಾಗದು. ಮಳೆಗೆ ಮುಂಚೆ ಮರದ ತುಂಬ ಮಿಂಚುಹುಳು ಮಿನುಗುತ್ತವಲ್ಲ, ಅವು ಮನೆಯೊಳಗೂ ಹಾರಿ ಬರುತ್ತವೆ. ಬೇರೆ ದೇಶಗಳಲ್ಲಿ ಮಿಂಚುಹುಳು ನುಂಗಿ ಈ ಜಾತಿಯ ಡ್ರ್ಯಾಗನ್‌ಗಳು ಸತ್ತಿವೆ. ಗೂಡಿನ ಬಾಗಿಲು ಭದ್ರವಾಗಿ ಮುಚ್ಚಿ. ಕಾಫಿ ತೋಟದಲ್ಲಿ ಬೆಣ್ಣೆಹಣ್ಣು ರಾಶಿ ಬೀಳುತ್ತದೆ ಎಂದು ಅದನ್ನೂ ಕೊಡಬೇಡಿ, ವಿಷ. ಕೆಸುವಿನ ಎಲೆ ಬೇಡ. ಕೊಡಗಿನ ಕಿತ್ತಳೆ ನಮಗಿರಲಿ, ಅದರ ಹುಳಿ ಡ್ರ್ಯಾಗನ್‌ಗೆ ಆಗದು.

ಮಡಿಕೇರಿಯಿಂದ:
ಕೊಡವರ ಕಕ್ಕಡ ತಿಂಗಳ ಹದಿನೆಂಟರ ಹಬ್ಬಕ್ಕೆ ಪಾಯಸ ಮಾಡುತ್ತೇವಲ್ಲ, ಆ ಮದ್ದುಸೊಪ್ಪು ಒಂದೆಲೆ ಕೊಡಬಹುದೇ ಎಂದು ಅಜ್ಜಿ ಕೇಳುತ್ತಿದ್ದಾರೆ!

ಸಿದ್ದಾಪುರದಿಂದ:
ಬೇಡ ಎನ್ನಿ. ಪಾಯಸ ಕುಡಿದ ನಮಗೇ ಮೂತ್ರದ ಬಣ್ಣ ಬದಲಾಗುತ್ತದೆ. ಓತಿಗೆ ಆ ಹಬ್ಬ ಬೇಕಿಲ್ಲ.

ಮಡಿಕೇರಿಯಿಂದ, ಎರಡು ವಾರದ ನಂತರ:
ಥರ್ಮಾಮೀಟರ್ ಇಟ್ಟು ನೋಡಿದರೆ ಕಲ್ಲಿನ ಮೇಲೆ ಬರೀ 29 ಡಿಗ್ರಿ ಇತ್ತು. ದೀಪ ಬದಲಿಸಿ 40ಕ್ಕೆ ತಂದ ಮೇಲೆ ಚಿಮ್ಮಂಡೆ ಹಿಡಿಯಲು ಓಡಾಡುತ್ತಿದೆ. ನುಗ್ಗೆ ಸೊಪ್ಪನ್ನು ಇನ್ನೂ ತುಳಿಯುತ್ತದೆ. ನಿನ್ನೆ ಅಜ್ಜಿ ಪೂಜೆಯ ಬುಟ್ಟಿಯಿಂದ ಒಂದು ದಾಸವಾಳ ತೆಗೆದು ಅದರ ಮುಂದೆ ಅಲ್ಲಾಡಿಸಿದರು. ತಲೆ ಓರೆ ಮಾಡಿ ನೋಡಿತು, ಒಂದು ಸಲ ನೆಕ್ಕಿತು, ಆಮೇಲೆ ಅರ್ಧ ದಳ ಕಚ್ಚಿ ಹರಿಯಿತು. ಉಳಿದರ್ಧ ದೇವರಿಗೆ ಆಗುವುದಿಲ್ಲವಲ್ಲ ಎಂದು ಗೊಣಗುತ್ತಾ ಅಜ್ಜಿ ಅದನ್ನೂ ಅಲ್ಲೇ ಇಟ್ಟರು.