ತರಕಾರಿ ಟ್ರೇ ಅಡಿಯಲ್ಲಿ ದಿನಾ ನೀರು, ಏನು ಮಾಡುವುದು?

ಕೇಳಿದವರು, ಕಂಕನಾಡಿ: ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಜ್. ಮಳೆ ಶುರುವಾದ ಮೇಲೆ ತರಕಾರಿ ಟ್ರೇ ಅಡಿಯಲ್ಲಿ ನೀರು ನಿಲ್ಲುತ್ತಿದೆ. ಒರೆಸಿದರೆ ಮರುದಿನ ಮತ್ತೆ ಅಷ್ಟೇ. ತಂಪು ಸರಿ ಉಂಟು. ರಿಪೇರಿಯವರು ನೋಡದೆಯೇ ಗ್ಯಾಸ್ ತುಂಬಿಸಬೇಕು ಅನ್ನುತ್ತಾರೆ. ಅನುಭವ ಇದ್ದವರು ಹೇಳಿ.

ಸುರತ್ಕಲ್: ಗ್ಯಾಸಿಗೆ ಈಗಲೇ ದುಡ್ಡು ಕೊಡಬೇಡಿ ಮಾರಾಯ್ರೆ. ಗ್ಯಾಸ್ ಕಡಿಮೆಯಾದರೆ ತಂಪು ಹೋಗುತ್ತದೆ, ನೀರು ನಿಲ್ಲುವುದಿಲ್ಲ. ತಂಪು ಸರಿ ಇದ್ದು ನೀರು ಮಾತ್ರ ಬರುತ್ತಿದ್ದರೆ ಮೊದಲು ನೋಡಬೇಕಾದ್ದು ನೀರು ಹೋಗುವ ದಾರಿ. ಫ್ರೀಜರಿನ ಹಿಂದಿನ ಪ್ಯಾನಲ್ ಒಳಗೆ ಗ್ಯಾಸ್ ಹರಿಯುವ ಕಾಯಿಲ್ ಇರುತ್ತದೆ, ಅದರ ಮೇಲೆ ಕಟ್ಟುವ ಐಸನ್ನು ಹೀಟರ್ ಆಗಾಗ ಕರಗಿಸುತ್ತದೆ, ಆ ನೀರು ಸಣ್ಣ ತೂತಿನಿಂದ ಪೈಪಿಗೆ ಇಳಿದು ಹಿಂಬದಿ ಕಂಪ್ರೆಸರ್ ಹತ್ತಿರದ ಟ್ರೇಗೆ ಬಿದ್ದು ಅಲ್ಲಿನ ಬಿಸಿಗೆ ಆರಿಹೋಗುತ್ತದೆ. ತೂತಿನಲ್ಲಿ ಐಸೋ ಕಸವೋ ಕೂತರೆ ನೀರು ಬೇರೆ ದಾರಿಯಿಲ್ಲದೆ ಫ್ರಿಜ್ ಒಳಗೇ ಇಳಿದು ಅಡಿಯಲ್ಲಿ ನಿಲ್ಲುತ್ತದೆ. ನಮ್ಮಲ್ಲೂ ಇದೇ ಆಗಿತ್ತು. ಪ್ಲಗ್ ತೆಗೆದು, ಎಲ್ಲ ಖಾಲಿ ಮಾಡಿ, ಎರಡೂ ಬಾಗಿಲು ತೆರೆದು ರಾತ್ರಿಯಿಡೀ ಬಿಟ್ಟೆವು, ಕೆಳಗೆ ಹಳೆ ಬಟ್ಟೆ ಹಾಸಿ. ಬೆಳಿಗ್ಗೆ ತೂತಿಗೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಉಗುರು ಬೆಚ್ಚಗಿನ ನೀರು ಬಿಟ್ಟೆವು. ಹಿಂದಿನ ಟ್ರೇಗೆ ನೀರು ಬಿದ್ದರೆ ದಾರಿ ತೆರೆಯಿತು ಅಂತ ಅರ್ಥ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಬಿರುಕು ಬಿಡಬಹುದು. ತೂತು ಪ್ಯಾನಲ್ ಹಿಂದೆ ಇದ್ದು ಕೈಗೆ ಸಿಗದಿದ್ದರೆ ಸುಮ್ನೆ ಎಳೆಯಬೇಡಿ, ಬಲ್ಲವರನ್ನೇ ಕರೆಯಿರಿ.

ಮಲ್ಪೆ: ಐಸನ್ನು ಚಾಕುವಿನಿಂದ ಕೆರೆಯಲೇಬೇಡಿ! ಬಂಗುಡೆ, ಬೂತಾಯಿ ಪ್ಯಾಕೆಟ್ ಫ್ರೀಜರಿಗೆ ಅಂಟಿಕೊಂಡಾಗ ಚಾಕು ಹಾಕಿ ಕೀಳುವವರು ತುಂಬ ಜನ. ಕಾಯಿಲಿಗೆ ತೂತಾದರೆ ಗ್ಯಾಸ್ ನಿಜವಾಗಿಯೂ ಹೋಗುತ್ತದೆ. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಇರುವುದು ಆರ್ 600ಎ, ಅದು ಬೆಂಕಿ ಹತ್ತುವ ಗ್ಯಾಸ್.

ಉಡುಪಿ: ನಮ್ಮದು ಸಿಂಗಲ್ ಡೋರ್. ಹಿಂದಿನ ಗೋಡೆಯಲ್ಲೇ ತೂತು ಕಾಣುತ್ತದೆ, ಬಸಳೆ, ಹರಿವೆ ಎಲೆ ಅಲ್ಲಿಗೆ ಹೋಗಿ ಕೊಳೆತು ಕೂರುತ್ತದೆ. ಸೊಪ್ಪನ್ನು ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ ಇಟ್ಟರೆ ಸಾಕು. ಇನ್ನೊಂದು, ಬಾಗಿಲಿನ ರಬ್ಬರ್ ನೋಡಿ. ನಮ್ಮ ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಎಷ್ಟು ತೇವ ಇರುತ್ತದೆ ಅಂತ ಬಟ್ಟೆ ಒಣಗಿಸುವವರಿಗೆ ಗೊತ್ತು, ಅಲ್ವಾ? ರಬ್ಬರ್ ಸಡಿಲವಾದರೆ ಆ ಗಾಳಿ ಒಳಗೆ ಹೋಗಿ ಎಲ್ಲ ಕಡೆ ಹನಿಯಾಗುತ್ತದೆ. ಬಾಗಿಲ ಮಧ್ಯೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ, ಬಿಗಿಯಿಲ್ಲದೆ ಜಾರಿ ಬಂದರೆ ಆ ಜಾಗ ಸರಿಯಿಲ್ಲ. ಮೊದಲು ಸೋಪಿನ ನೀರಲ್ಲಿ ಒರೆಸಿ ನೋಡಿ, ಜಿಡ್ಡು ಹೋದರೆ ಎಷ್ಟೋ ಸಲ ಮತ್ತೆ ಹಿಡಿಯುತ್ತದೆ. ಬಿಸಿ ಸಾರು, ಮುಚ್ಚದ ಪಾತ್ರೆ ಇಡುವುದನ್ನೂ ಬಿಡಿ.

ಕದ್ರಿ: ಹಿಂದಿನ ಟ್ರೇ ತೊಳೆಯುವ ಬಗ್ಗೆ ಯಾರೂ ಹೇಳಲಿಲ್ಲ. ತೆಗೆಯಲು ಬರುವ ಟ್ರೇ ಆದರೆ ಪ್ಲಗ್ ತೆಗೆದು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಲ್ಲೇ. ಮಂಗಳೂರಲ್ಲಿ ಮಳೆಗಾಲ ಬಂದರೆ ಡೆಂಗ್ಯೂ ಭಯ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ದಯವಿಟ್ಟು ಮರೆಯಬೇಡಿ.

ಸುರತ್ಕಲ್: ಇನ್ನೊಂದು ಮಾತು. ಪೂರ್ತಿ ಕರಗಿಸಿ, ತೂತು ತೆರೆದ ಮೇಲೂ ಸ್ವಲ್ಪ ದಿನದಲ್ಲೇ ಪ್ಯಾನಲ್ ಮೇಲೆ ಐಸ್ ದಪ್ಪ ಕಟ್ಟಿದರೆ ಐಸ್ ಕರಗಿಸುವ ಹೀಟರ್ ಅಥವಾ ಅದರ ಸೆನ್ಸರ್ ಹೋಗಿರಬಹುದು. ಆಗ ಮೆಕ್ಯಾನಿಕ್ ಬೇಕೇ ಬೇಕು. ಫೋನಿನಲ್ಲೇ ಹೀಟರ್, ಸೆನ್ಸರ್ ಚೆಕ್ ಮಾಡಿ ಅಂತ ಹೇಳಿ, ಮೀಟರ್ ಹಿಡಿದುಕೊಂಡು ಬರುವವರನ್ನೇ ಕರೆಯಿರಿ.