ಒಂದೇ ಜೌಗಿನ ಎರಡು ಕಪುಚಿನೊಗಳು

ಭಾನುವಾರ ರಾಯರ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಗೌಡರು ಮೊಬೈಲಿನಲ್ಲಿದ್ದ ಎರಡು ಹಕ್ಕಿಗಳನ್ನು ತೋರಿಸಿ, “ಇವು ಅರ್ಜೆಂಟೀನಾದ ಕಪುಚಿನೊಗಳು” ಎಂದರು. ತಮ್ಮ ಫಿಲ್ಟರ್ ಕಾಫಿಗೆ ಅವಮಾನವಾಯಿತೆಂಬಂತೆ ರಾಯರು ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡರು. ಕುಲಾವಿ ತೊಡುವ ಕಪುಚಿನ್ ಸನ್ಯಾಸಿಗಳಿಂದಲೇ ಆ ಕಾಫಿಗೂ ಈ ಹಕ್ಕಿಗಳಿಗೂ ಹೆಸರು ಬಂದಿದೆಯೆಂದು ಗೌಡರು ಸಮಾಧಾನ ಹೇಳಬೇಕಾಯಿತು.

ಎರಡೂ ಸುಮಾರು 10 ಸೆಂಟಿಮೀಟರ್ ಉದ್ದದವು. ಕೊರಿಯೆಂಟೆಸ್ ಪ್ರಾಂತ್ಯದ ಇಬೆರಾ ಜೌಗಿನಲ್ಲಿ ಅಕ್ಕಪಕ್ಕದಲ್ಲೇ ಗೂಡು ಕಟ್ಟಿ, ಅದೇ ಹುಲ್ಲಿನ ಬೀಜ ತಿನ್ನುವಂಥವು. ಒಂದರ ಗಂಡಿಗೆ ಬೂದು ನೆತ್ತಿ, ದಾಲ್ಚಿನ್ನಿಯ ಬಣ್ಣದ ಹೊಟ್ಟೆ. ಆದ್ದರಿಂದಲೇ ಸ್ಪ್ಯಾನಿಷಿನಲ್ಲಿ ಅದು ‘ಕನೇಲಾ’, ಅಂದರೆ ದಾಲ್ಚಿನ್ನಿ. ಇನ್ನೊಂದರ ಗಂಡಿಗೆ ಮರಳು ಬಣ್ಣದ ಹೊಟ್ಟೆ, ಕಪ್ಪು ಗಂಟಲು. 2001ರಲ್ಲಿ ಕಣ್ಣಿಗೆ ಬಿದ್ದ ಈ ಇಬೆರಾ ಕಪುಚಿನೊಗೆ ವೈಜ್ಞಾನಿಕ ಹೆಸರು ದೊರೆತದ್ದು 2016ರಲ್ಲಿ. ಮೂವತ್ತು ವರ್ಷ ಕಚೇರಿಯ ಕಡತಗಳೊಂದಿಗೆ ಬಾಳಿದ್ದ ರಾಯರಿಗೆ ಈ ವಿಳಂಬ ಸಹಜವೆಂದೇ ತೋರಿತು.

“ಅಂಗಿ ಬದಲಿಸಿದ ಒಂದೇ ಹಕ್ಕಿ ಎನ್ನಿ,” ಎಂದರು ರಾಯರು.

“ಹಾಡೂ ಬೇರೆ ಸ್ವಾಮಿ. ಆದರೆ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇಡೀ ಜೀನೋಮಿನಲ್ಲಿ, ಅಂದರೆ ಜೀವಕೋಶದೊಳಗಿನ ಒಟ್ಟು ಆನುವಂಶಿಕ ಮಾಹಿತಿಯಲ್ಲಿ, ಇವೆರಡೂ ಸ್ಪಷ್ಟವಾಗಿ ಬೇರೆಯಾಗುವುದು ಕೇವಲ ಮೂರು ಕಡೆ. ಅಲ್ಲಿರುವ ಜೀನ್‌ಗಳು 12, ಅವುಗಳಲ್ಲಿ ಬಣ್ಣಕ್ಕೆ ಸಂಬಂಧಿಸಿದವು ಮೂರು.”

“ನನಗೂ ನನ್ನ ತಮ್ಮನಿಗೂ ಇದಕ್ಕಿಂತ ಹೆಚ್ಚು ವ್ಯತ್ಯಾಸವಿತ್ತು, ಆದರೂ ನಮ್ಮದು ಒಂದೇ ಪಡಿತರ ಚೀಟಿ!”

ಗೌಡರು ಸೋಲಲಿಲ್ಲ. ಸಂಶೋಧಕರು ಬಣ್ಣ ಬಳಿದ ಗೊಂಬೆ ಹಕ್ಕಿಗಳನ್ನು ಗಂಡುಗಳ ಎದುರಿಟ್ಟು, ಒಮ್ಮೆ ಸ್ವಜಾತಿಯ, ಒಮ್ಮೆ ಪರಜಾತಿಯ ಹಾಡನ್ನು ನುಡಿಸಿದಾಗ, ಬಣ್ಣ ಮತ್ತು ಹಾಡು ಎರಡೂ ತಮ್ಮವೇ ಆಗಿದ್ದ ಗೊಂಬೆಯ ಮೇಲೆ ಗಂಡುಗಳು ಎಲ್ಲಕ್ಕಿಂತ ಜೋರಾಗಿ ಎರಗಿದವಂತೆ.

ಕೋಡುಬಳೆ ತಂದ ನಾಗಮಣಿಯವರು, “ಹೆಣ್ಣುಗಳ ಬಣ್ಣವೇನು ಗೌಡರೇ?” ಎಂದರು.

“ಎರಡು ಜಾತಿಯವೂ ಮಾಸಲು ಕಂದು, ಅಮ್ಮ. ನೋಡಿ ಗುರುತಿಸಲು ನಮ್ಮಿಂದಾಗದು. ಆದರೂ ಅವು ತಮ್ಮ ಜಾತಿಯ ಗಂಡನ್ನೇ ಆರಿಸಿಕೊಳ್ಳುತ್ತವೆ.”

“ಹಾಗಾದರೆ ಜಾತಿಯನ್ನು ಬೇರೆಯಾಗಿ ಉಳಿಸಿದ್ದು ಅವುಗಳ ಆಯ್ಕೆ. ನಿಮ್ಮ ಗಂಡುಗಳು ಗೊಂಬೆಯೊಡನೆ ಜಗಳವಾಡುತ್ತಿದ್ದವು,” ಎಂದು ಅವರು ಮೊಬೈಲಿನ ಪರದೆಯನ್ನು ಸರಿಸಿ, ಹುಲ್ಲುಕಡ್ಡಿಯ ಮೇಲೆ ಕುಳಿತ ಹೆಣ್ಣೊಂದನ್ನು ತೋರಿಸಿದರು. “ಇವಳು ಯಾರ ಮನೆಯವಳು?”

ಗೌಡರು ಚಿತ್ರವನ್ನು ಹಿಗ್ಗಿಸಿದರು, ಕನ್ನಡಕ ಒರೆಸಿಕೊಂಡರು, ಕೊನೆಗೆ ಮೆಲ್ಲನೆ ಕೆಳಗಿದ್ದ ಬರಹವನ್ನು ಓದತೊಡಗಿದರು.