ಆಲ್ಟ್ ಸಮಿಟ್‌ನಂಥ ವಿನ್ಯಾಸ ಸಮ್ಮೇಳನಕ್ಕೆ ಹೋಗುವುದು: ಖರ್ಚಿಗೆ ತಕ್ಕ ಪ್ರಯೋಜನವಿದೆಯೇ?

ಕಸೂತಿಪ್ರಿಯೆ (ಸ್ಯಾನ್ ಹೋಸೆ)

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಕಡೆಯವಳು, ಈಗ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದೇನೆ. ಕಸೂತಿಯ ಗೋಪುರ, ತುಳಸಿಕಟ್ಟೆ, ಆನೆ ಅಂಬಾರಿಗಳ ಚಿತ್ತಾರವನ್ನು ಆಧರಿಸಿ ಶುಭಾಶಯ ಪತ್ರ, ನೋಟ್‌ಬುಕ್ ಮತ್ತು ಉಡುಗೊರೆ ಸುತ್ತುವ ಕಾಗದಗಳಿಗೆ ವಿನ್ಯಾಸ ಮಾಡುತ್ತೇನೆ. ಆ ಕೆಲಸದ ಬಗ್ಗೆ ಬ್ಲಾಗ್ ಬರೆಯುತ್ತೇನೆ. ಎಚ್-4 ವೀಸಾದಲ್ಲಿದ್ದು (ಎಚ್-1ಬಿ ಉದ್ಯೋಗಿಯ ಸಂಗಾತಿಗೆ ಸಿಗುವಂಥದ್ದು), ಕೆಲಸದ ಪರವಾನಗಿ ಈಗ ಕೈಗೆ ಬಂದಿರುವುದರಿಂದ ಇದನ್ನೇ ಉದ್ಯೋಗವಾಗಿ ಕಟ್ಟಿಕೊಳ್ಳಲು ಹೊರಟಿದ್ದೇನೆ.

ಪಾಮ್ ಸ್ಪ್ರಿಂಗ್ಸ್‌ನಲ್ಲಿ ನಡೆಯುವ, ವಿನ್ಯಾಸಕರು ಮತ್ತು ಬ್ಲಾಗರ್‌ಗಳು ಸೇರುವ ಆಲ್ಟ್ ಸಮಿಟ್‌ನಂಥ ಸಮ್ಮೇಳನಕ್ಕೆ ಹೋಗಬೇಕೆಂಬ ಆಸೆಯಿದೆ. ಆದರೆ ಪ್ರವೇಶ ಶುಲ್ಕ, ಹೋಟೆಲ್, ಪ್ರಯಾಣ ಎಲ್ಲ ಸೇರಿದರೆ ನನ್ನಂಥ ಸಣ್ಣ ಉದ್ಯಮಿಗೆ ಅದು ಭಾರವೇ. ಅಲ್ಲಿ ಕಲಿಯುವುದನ್ನು ಮನೆಯಲ್ಲಿ ಕುಳಿತು ವೀಡಿಯೊ ನೋಡಿ ಕಲಿಯಲಾಗದೇ? ಹೋಗುವುದಾದರೆ ಯಾವ ಸಿದ್ಧತೆ ಬೇಕು? ಇನ್ನೊಂದು ಅಳುಕೂ ಇದೆ: ಹೊಸ ಚಿತ್ತಾರಗಳನ್ನು ಅಷ್ಟು ಜನರ ಮುಂದೆ ತೋರಿಸಿದರೆ ಯಾರಾದರೂ ನಕಲು ಮಾಡಿಬಿಟ್ಟರೆ ಏನು ಗತಿ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಸಾಲ್ಟ್‌ಲೇಕ್ ವಾಸಿ

ಮೇಡಂ, ವೇದಿಕೆಯ ಭಾಷಣ ಕೇಳುವುದಕ್ಕೆಂದೇ ಹೋಗುವುದಾದರೆ ಖಂಡಿತ ಹೋಗಬೇಡಿ. ಮದುವೆಮನೆಯಲ್ಲಿ ಮುಹೂರ್ತದ ಹೊತ್ತಿಗಿಂತ ಊಟದ ಪಂಕ್ತಿಯಲ್ಲೇ ಹೊಸ ಸಂಬಂಧಗಳು ಕುದುರುವ ಹಾಗೆ, ಇಂಥ ಸಮ್ಮೇಳನಗಳ ನಿಜವಾದ ವ್ಯವಹಾರ ನಡೆಯುವುದು ಊಟದ ಮೇಜಿನಲ್ಲಿ, ಸಣ್ಣ ದುಂಡುಮೇಜಿನ ಮಾತುಕತೆಗಳಲ್ಲಿ ಮತ್ತು ಸಂಜೆಯ ಕೂಟಗಳಲ್ಲಿ.

ಗೇಬ್ರಿಯೆಲ್ ಬ್ಲೇರ್ ಮತ್ತು ಸಾರಾ ಅರ್ಕ್‌ಹಾರ್ಟ್ ಅವರು ಆಲ್ಟ್ ಸಮಿಟ್ ಅನ್ನು ಮೊದಲು ನಮ್ಮ ಸಾಲ್ಟ್ ಲೇಕ್ ಸಿಟಿಯಲ್ಲಿ ಆರಂಭಿಸಿದ ದಿನಗಳಲ್ಲಿ ಬ್ಲಾಗ್ ಬರಹವನ್ನು ಜೀವನೋಪಾಯವೆಂದು ಒಪ್ಪುವವರೇ ವಿರಳವಾಗಿದ್ದರು. ಮನೆಯಲ್ಲಿ ಒಬ್ಬೊಬ್ಬರೇ ಕುಳಿತು ಬರೆಯುತ್ತಿದ್ದ ಮಹಿಳೆಯರಿಗೆ, ತಮ್ಮ ಬರಹಕ್ಕೆ ಎಷ್ಟು ದರ ಕೇಳಬಹುದು ಎಂದು ಮುಚ್ಚುಮರೆಯಿಲ್ಲದೆ ಮಾತನಾಡಿಕೊಳ್ಳಲು ಒಂದು ಜಾಗ ಸಿಕ್ಕಿದ್ದು ನನ್ನ ದೃಷ್ಟಿಯಲ್ಲಿ ಬಹಳ ದೊಡ್ಡ ಸಂಗತಿ. ಈ ವಲಯದ ಬಲ ಎಷ್ಟೆಂಬುದಕ್ಕೆ, ಚಿತ್ರಗಳನ್ನು ಕೂಡಿಟ್ಟು ಹಂಚಿಕೊಳ್ಳುವ ಜಾಲತಾಣ ಪಿಂಟರೆಸ್ಟ್ ಸಾಕ್ಷಿ: 2010ರಲ್ಲಿ ಅದಿನ್ನೂ ಹೊಸದಾಗಿದ್ದಾಗ, ‘ಪಿನ್ ಇಟ್ ಫಾರ್ವರ್ಡ್’ ಎಂಬ ಅಭಿಯಾನದ ಮೂಲಕ ಅದನ್ನು ಓದುಗರಿಂದ ಓದುಗರಿಗೆ ದಾಟಿಸಿದವರು ವಿನ್ಯಾಸದ ಬ್ಲಾಗರ್‌ಗಳೇ.

ಸಿದ್ಧತೆಯ ವಿಷಯಕ್ಕೆ ಬಂದರೆ, ಭಾಷಣಕಾರರು ಮತ್ತು ಪ್ರಾಯೋಜಕರ ಪಟ್ಟಿ ಪ್ರಕಟವಾದ ಕೂಡಲೇ ನಿಮಗೆ ನಿಜಕ್ಕೂ ಬೇಕಾದ ನಾಲ್ಕೈದು ಮಂದಿಯನ್ನು ಗುರುತಿಸಿ, ಅವರ ಕೆಲಸವನ್ನು ಚೆನ್ನಾಗಿ ನೋಡಿಕೊಂಡು, ‘ಅಲ್ಲಿ ಹತ್ತು ನಿಮಿಷ ಭೇಟಿಯಾಗಬಹುದೇ’ ಎಂದು ಮೊದಲೇ ಬರೆದು ಕೇಳಿ. ಓದುಗರ ಸಂಖ್ಯೆ, ಅವರು ಯಾವ ಬಗೆಯವರು, ನಿಮ್ಮ ದರ ಎಷ್ಟು ಎಂಬ ವಿವರಗಳುಳ್ಳ ಒಂದು ಪುಟದ ಮೀಡಿಯಾ ಕಿಟ್ ಫೋನಿನಲ್ಲಿ ತಯಾರಿರಲಿ.

ವಿಸಿಟಿಂಗ್ ಕಾರ್ಡಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಜನ ಕಾರ್ಡನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಕಾಗದವನ್ನು ಬೆರಳಿನಿಂದ ಸವರಿ ನೋಡುವವರು. ಕಸೂತಿಯ ಗವಂತಿ ಹೊಲಿಗೆಯಲ್ಲಿ ಗಂಟು ಹಾಕುವುದಿಲ್ಲ, ಬಟ್ಟೆಯ ಎರಡೂ ಬದಿಗೆ ಚಿತ್ತಾರ ಒಂದೇ ರೀತಿ ಮೂಡುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದೇ ಗೋಪುರವನ್ನು ಕಾರ್ಡಿನ ಎರಡೂ ಬದಿಯಲ್ಲಿ ಅಚ್ಚು ಹಾಕಿಸಿದರೆ, ನೀವು ಬಾಯಿ ತೆರೆಯುವ ಮೊದಲೇ ಎದುರಿಗಿದ್ದವರು ‘ಇದೇನು’ ಎಂದು ಕೇಳುತ್ತಾರೆ. ಮಾತು ಹೇಗೆ ಶುರು ಮಾಡುವುದೆಂಬ ಸಂಕೋಚಕ್ಕೆ ಎಡೆಯೇ ಇರುವುದಿಲ್ಲ. ಹೊಳಪಿನ ಲೇಪವಿಲ್ಲದ ಕಾಗದವನ್ನೇ ಆರಿಸಿ, ಅಂಚಿನಲ್ಲಿ ಸ್ವಲ್ಪ ಖಾಲಿ ಜಾಗ ಬಿಡಿ. ಅವರು ನಿಮ್ಮ ಬಗ್ಗೆ ಏನಾದರೂ ಗುರುತು ಹಾಕಿಕೊಳ್ಳಲು ಅದು ಬೇಕಾಗುತ್ತದೆ.

ಲೆಕ್ಕಪತ್ರ

ಹಣದ ಬಗ್ಗೆ ಮಾತ್ರ ಹೇಳುತ್ತೇನೆ. ಪ್ರಯಾಣದ ಮುಖ್ಯ ಉದ್ದೇಶ ವ್ಯವಹಾರವೇ ಆಗಿದ್ದರೆ ಪ್ರವೇಶ ಶುಲ್ಕ, ಹೋಟೆಲ್ ಮತ್ತು ಪ್ರಯಾಣದ ಖರ್ಚನ್ನು ಶೆಡ್ಯೂಲ್ ಸಿ ಎಂಬ ಸ್ವಂತ ಉದ್ಯಮದ ತೆರಿಗೆ ನಮೂನೆಯಲ್ಲಿ ಆದಾಯದಿಂದ ಕಳೆಯಬಹುದು. ಊಟದ ಖರ್ಚಿನಲ್ಲಿ ಸಾಮಾನ್ಯವಾಗಿ ಶೇ. 50ರಷ್ಟು ಮಾತ್ರ. ಕೆಲಸವು ಹವ್ಯಾಸವಲ್ಲ, ಲಾಭಕ್ಕಾಗಿ ನಡೆಸುವ ಉದ್ಯಮ ಎಂದು ತೋರಿಸುವ ದಾಖಲೆಗಳು ನಿಮ್ಮಲ್ಲಿರಬೇಕು. ಸಮ್ಮೇಳನದಲ್ಲಿ ಪ್ರಾಯೋಜಕರು ಉಚಿತವಾಗಿ ಕೊಟ್ಟ ವಸ್ತುವಿನ ಬಗ್ಗೆ ಮೆಚ್ಚಿ ಬರೆಯುವುದಾದರೆ, ಅದು ಉಚಿತವಾಗಿ ಬಂದದ್ದು ಎಂದು ಓದುಗರ ಕಣ್ಣಿಗೆ ಬೀಳುವಂತೆ ತಿಳಿಸಿ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ತನ್ನ ಮಾರ್ಗಸೂಚಿಯ ವ್ಯಾಪ್ತಿಗೆ ಬ್ಲಾಗರ್‌ಗಳನ್ನೂ ತಂದಿದೆ. ಕೊನೆಯದಾಗಿ, ನಿಮ್ಮ ಕೆಲಸದ ಪರವಾನಗಿಯ ಅವಧಿ ಎಲ್ಲಿಯವರೆಗಿದೆ ಎಂದು ನೋಡಿಕೊಂಡೇ ಯಾವುದೇ ಒಪ್ಪಂದಕ್ಕೆ ಸಹಿ ಹಾಕಿ. ಅವಧಿ ಮುಗಿದ ಮೇಲೆ ದುಡಿದು ಗಳಿಸುವುದು ವೀಸಾಕ್ಕೇ ತೊಂದರೆ ತರುತ್ತದೆ. ವಲಸೆ ವಕೀಲರೊಬ್ಬರನ್ನು ಕೇಳಿಯೇ ಮುಂದುವರಿಯಿರಿ.

ಎಳೆ ಮತ್ತು ಚುಕ್ಕಿ

ನಕಲಿನ ಅಳುಕು ಸಹಜ. ಆದರೆ ಚಿತ್ತಾರವನ್ನು ಬಚ್ಚಿಟ್ಟುಕೊಂಡು ಅದನ್ನು ಮಾರಲಾಗುವುದಿಲ್ಲ, ಆದ್ದರಿಂದ ಹೊರಡುವ ಮುನ್ನವೇ ಹಕ್ಕುಸ್ವಾಮ್ಯ (ಕಾಪಿರೈಟ್) ನೋಂದಣಿ ಮಾಡಿಸಿ. ಅಮೆರಿಕದಲ್ಲಿ ಚಿತ್ರ ಬರೆದ ಗಳಿಗೆಯಿಂದಲೇ ಹಕ್ಕುಸ್ವಾಮ್ಯ ನಿಮ್ಮದಾದರೂ, ಇಲ್ಲಿ ರಚಿಸಿದ ಕೃತಿಗಾದರೆ ನೋಂದಣಿಯಾಗದೆ ನ್ಯಾಯಾಲಯದ ಮೆಟ್ಟಿಲೇರುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಒಬ್ಬರೇ ರಚಿಸಿದ, ಇನ್ನೂ ಪ್ರಕಟಿಸದ 10 ಕೃತಿಗಳವರೆಗೆ ಒಂದೇ ಅರ್ಜಿಯಲ್ಲಿ ಸೇರಿಸುವ ಸೌಲಭ್ಯವಿದೆ. ‘ಪ್ರಕಟಿಸದ’ ಎಂಬುದನ್ನು ಗಮನಿಸಿ: ಮಾರಾಟಕ್ಕೆ ಇಡುವ ಮುನ್ನವೇ ಈ ಕೆಲಸ ಆಗಬೇಕು.

ಒಂದು ಮಾತು ಮಾತ್ರ ಮನಸ್ಸಿನಲ್ಲಿರಲಿ. ಗೋಪುರ, ತುಳಸಿಕಟ್ಟೆ, ಅಂಬಾರಿಗಳು ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ತಲೆಮಾರುಗಳಿಂದ ಇಳಕಲ್ ಸೀರೆಯ ಮೇಲೆ ಎಳೆ ಎಣಿಸಿ ಹೊಲಿದುಕೊಂಡು ಬಂದವು. ಅವುಗಳ ಮೇಲೆ ಯಾರಿಗೂ ಒಡೆತನವಿಲ್ಲ, ನಿಮಗೂ ಇಲ್ಲ. ನೀವು ಹೊಸದಾಗಿ ಮಾಡಿದ ಜೋಡಣೆ, ಬಣ್ಣ, ರೇಖೆ ಮಾತ್ರ ನಿಮ್ಮವು. ಯಾವುದಾದರೂ ಕಂಪನಿ ನಿಮ್ಮ ಚಿತ್ತಾರ ಬಳಸಿಕೊಳ್ಳಲು ಲೈಸೆನ್ಸ್ ಒಪ್ಪಂದ ಮುಂದಿಟ್ಟರೆ, ಉತ್ಪನ್ನದ ಮೇಲೆ ‘ಧಾರವಾಡದ ಕಸೂತಿಯಿಂದ ಪ್ರೇರಿತ’ ಎಂದು ಅಚ್ಚಾಗಬೇಕೆಂಬ ಷರತ್ತನ್ನು ಸೇರಿಸಿ ಎಂದು ಕೈಮುಗಿದು ಕೇಳುತ್ತೇನೆ. ಕಸೂತಿಗೆ ಭಾರತದಲ್ಲಿ ಭೌಗೋಳಿಕ ಸೂಚಿಕೆಯ (ಜಿಐ, ಒಂದು ಪ್ರದೇಶದ ವಿಶಿಷ್ಟ ಉತ್ಪನ್ನದ ಹೆಸರಿಗೆ ಸಿಗುವ ರಕ್ಷಣೆ) ಮಾನ್ಯತೆ ಇರುವುದರಿಂದ, ಅಚ್ಚಿನ ಕಾಗದವನ್ನು ನೇರವಾಗಿ ‘ಕಸೂತಿ’ ಎಂದು ಕರೆದು ಮಾರುವುದು ಸರಿಯಲ್ಲ.

ಕಸೂತಿಪ್ರಿಯೆ (ಸ್ಯಾನ್ ಹೋಸೆ)

ಇಷ್ಟು ವಿವರವಾಗಿ ತಿಳಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೊಸ ಚಿತ್ತಾರಗಳನ್ನು ಮೊದಲು ನೋಂದಣಿಗೆ ಕಳುಹಿಸಿ, ಆಮೇಲೆ ಟಿಕೆಟ್ ಕೊಳ್ಳಲು ನಿರ್ಧರಿಸಿದ್ದೇನೆ. ಒಂದು ಸಣ್ಣ ಪ್ರಶ್ನೆ ಉಳಿದಿದೆ: ಸಮ್ಮೇಳನ ಮುಗಿದ ಮೇಲೆ ಅರ್ಧ ದಿನ ಉಳಿದುಕೊಂಡರೆ ಪಾಮ್ ಸ್ಪ್ರಿಂಗ್ಸ್‌ನಲ್ಲಿ ವಿನ್ಯಾಸದ ಕಣ್ಣಿಗೆ ನೋಡತಕ್ಕದ್ದು ಏನಿದೆ?

ಸಾಲ್ಟ್‌ಲೇಕ್ ವಾಸಿ

ಊರಿನ ಉತ್ತರದ ಪ್ರವೇಶದಲ್ಲಿ, ವಾಸ್ತುಶಿಲ್ಪಿ ಆಲ್ಬರ್ಟ್ ಫ್ರೇ ವಿನ್ಯಾಸ ಮಾಡಿದ ಹಳೆಯ ಟ್ರಾಮ್‌ವೇ ಪೆಟ್ರೋಲ್ ಬಂಕ್ ಇದೆ. 1965ರ ಆ ಕಟ್ಟಡ ಈಗ ಪ್ರವಾಸಿಗರ ಮಾಹಿತಿ ಕೇಂದ್ರ. ಅದರ ಚಾವಣಿ ಮರುಭೂಮಿಯ ಕಡೆಗೆ ಚೂಪಾಗಿ ಚಾಚಿಕೊಂಡಿರುವುದನ್ನು ಬದಿಯಿಂದ ನಿಂತು ನೋಡಿ. ಬಿಸಿಲು ಏರುವ ಮುಂಚೆಯೇ ಹೋಗಿ.